ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆ, ಮಗನ ಗೃಹಪ್ರವೇಶಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ ಎಂದು ಕರ್ನಾಟಕದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಹಿರಿಯರೂ ಅವರಿಗೆ ಟಿಕೆಟ್ ಮಾಡಿಸುವ ಮಕ್ಕಳೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಎರಡು ಊರುಗಳ ನಡುವಿನ ದೂರ ಎಂದಿಗೂ ಒಂದೇ. ಆದರೆ ಪ್ರಯಾಣದ ಹೊತ್ತು ಗಾಳಿ, ದಾರಿ, ನಡುವೆ ಇಳಿಯುವ ಊರು ಇವುಗಳಿಗೆ ತಕ್ಕಂತೆ ಹತ್ತು ಹನ್ನೆರಡು ಗಂಟೆಗಳಷ್ಟು ಏರುಪೇರಾಗುತ್ತದೆ. ಹಣ ಕಟ್ಟುವ ಮೊದಲೇ ಈ ಲೆಕ್ಕ ತಿಳಿದಿದ್ದರೆ ಮೊಣಕಾಲು ನೋವಿರುವ ತಾಯಿಗೆ, ಸಕ್ಕರೆ ಕಾಯಿಲೆಯಿರುವ ತಂದೆಗೆ ಬಹಳ ಉಪಕಾರವಾಗುತ್ತದೆ.

ಎರಡು ಊರುಗಳ ನಡುವಿನ ದೂರ ಎಷ್ಟು?

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಅತಿ ಹತ್ತಿರದ ದಾರಿಯಲ್ಲಿ ಅಳೆದರೆ ಸುಮಾರು 13,990 ಕಿಲೋಮೀಟರ್. 14,000 ಎಂದು ನೆನಪಿಟ್ಟುಕೊಂಡರೆ ಸಾಕು. ಮೈಲಿಯಲ್ಲಿ ಹೇಳಿದರೆ 8,700ರ ಹತ್ತಿರ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಯಾವ ಊರಿಗೂ 20,000 ಕಿಲೋಮೀಟರಿಗಿಂತ ದೂರದ ಊರು ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ. ಆ ಮಿತಿಯಲ್ಲಿ ಹತ್ತಕ್ಕೆ ಏಳು ಪಾಲು ಈ ಪ್ರಯಾಣ. ಬೆಂಗಳೂರಿನಿಂದ ದೆಹಲಿಗೆ 1,700 ಕಿಲೋಮೀಟರ್ ಎಂಬುದನ್ನು ನೆನೆದರೆ ಇದು ಅದರ ಎಂಟು ಪಟ್ಟು.

ಎಷ್ಟು ಗಂಟೆ ಬೇಕು?

ಎಲ್ಲಿಯೂ ಇಳಿಯದ ವಿಮಾನವಾದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರಿಂದ 17.5 ಗಂಟೆ. ಒಂದು ಕಡೆ ವಿಮಾನ ಬದಲಿಸುವುದಾದರೆ ಒಟ್ಟು 20ರಿಂದ 26 ಗಂಟೆ. ಎರಡು ಕಡೆ ಬದಲಿಸಿದರೆ 30 ಗಂಟೆ ದಾಟುವುದು ಮಾಮೂಲು.

ಟಿಕೆಟ್ಟಿನಲ್ಲಿ ಬರೆದಿರುವ ಹೊತ್ತಿನಲ್ಲಿ ಹಾರಾಟವಷ್ಟೇ ಇರುವುದಿಲ್ಲ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇಗೆ ಸಾಲಿನಲ್ಲಿ ಸಾಗುವ ಇಪ್ಪತ್ತು ನಿಮಿಷವೂ ಅದರೊಳಗೇ ಸೇರಿದೆ.

ಸ್ಯಾನ್ ಫ್ರಾನ್ಸಿಸ್ಕೊ ಪೂರ್ವಕ್ಕಿದೆಯೇ, ಪಶ್ಚಿಮಕ್ಕೋ?

ನಿಜ ಹೇಳಬೇಕೆಂದರೆ ಉತ್ತರಕ್ಕಿದೆ. ಗೋಡೆಯ ಮೇಲೆ ತೂಗುಹಾಕಿದ ಭೂಪಟ ನೋಡಿ ಬೆಳೆದ ನಮಗೆ ಇದು ನಂಬಲು ಕಷ್ಟ. ಬೆಂಗಳೂರು ಸುಮಾರು 78 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಊರುಗಳು ಗೋಳದ ಹೆಚ್ಚುಕಡಿಮೆ ಎದುರುಬದುರು ಬದಿಗಳಲ್ಲಿವೆ, ಎರಡೂ ಉತ್ತರಾರ್ಧಗೋಳದಲ್ಲಿವೆ. ಹೀಗಿದ್ದಾಗ ಹತ್ತಿರದ ದಾರಿ ನೆತ್ತಿಯ ಕಡೆಯಿಂದಲೇ ಹೋಗುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿಗೂ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಬೆಂಗಳೂರಿನಿಂದ ಉತ್ತರಕ್ಕೆ, ತುಸುವೇ ಪೂರ್ವಕ್ಕೆ ವಾಲಿ ಹೊರಟು, ಹಿಮಾಲಯ, ಟಿಬೆಟ್, ಚೀನಾ, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿನಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ.

ವಿಮಾನ ಆ ದಾರದ ಮೇಲೆಯೇ ಹಾರುತ್ತದೆಯೇ?

ಇಲ್ಲ, ಅದಕ್ಕೆ ಮೂರು ಅಡ್ಡಿಗಳಿವೆ.

ಒಂದು, ಟಿಬೆಟ್ ಪ್ರಸ್ಥಭೂಮಿ. ಹಾರುವಾಗ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ, ಅಂದರೆ ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ತಲೆಯ ಮೇಲಿನಿಂದ ಜೋತುಬೀಳುವ ಮಾಸ್ಕಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ ಬರುತ್ತದೆ. ಆದರೆ ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 4.5 ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯಬೇಕಾದ ಎತ್ತರಕ್ಕಿಂತ ಮಣ್ಣೇ ಮೇಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ವಿಮಾನಗಳು ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಎರಡು, ದೇಶಗಳ ನಡುವಿನ ಮನಸ್ತಾಪ. 2022ರ ಉಕ್ರೇನ್ ಯುದ್ಧದ ನಂತರ ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಅಮೆರಿಕದ ಕೆಲವು ಹಾರಾಟಗಳು ಇಂಧನ ತುಂಬಿಸಿಕೊಳ್ಳಲು ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದು ಹೋಗಬೇಕಾಯಿತು. ಭೂಮಿಯ ಮೇಲಿನ ಗಡಿಗಳು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿಯೂ ಅಷ್ಟೇ ಬಿಗಿಯಾಗಿರುತ್ತವೆ.

ಮೂರು, ಗಾಳಿ. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಹೋಗುವಾಗ ಬೇಗ, ಬರುವಾಗ ತಡ. ಇದೇಕೆ?

9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಹರಿಯುವ ಗಾಳಿಯ ಪ್ರವಾಹವಿದೆ. ಅದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಅದು ಗಂಟೆಗೆ 300 ಕಿಲೋಮೀಟರ್ ವೇಗ ಮುಟ್ಟುವುದೂ ಉಂಟು. ದೊಡ್ಡ ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೆನ್ನ ಹಿಂದಿನಿಂದ 150 ಕಿಲೋಮೀಟರ್ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ಅದರ ವೇಗ 1,050 ಆಗುತ್ತದೆ; ಎದುರಿನಿಂದ ಬಂದರೆ 750ಕ್ಕೆ ಇಳಿಯುತ್ತದೆ. ಮುಂದಿನ ಸೀಟಿನ ಬೆನ್ನಿಗಿರುವ ಪರದೆಯಲ್ಲಿ ಈ ಅಂಕಿ ಬದಲಾಗುತ್ತಿರುವುದನ್ನು ನೀವೇ ನೋಡಬಹುದು.

ಹೀಗಾಗಿ ಬೆಂಗಳೂರಿನಿಂದ ಹೊರಟ ನೇರ ವಿಮಾನ ದೂರ ಹೆಚ್ಚಾದರೂ ಚಿಂತೆಯಿಲ್ಲವೆಂದು ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಸಾಗರದ ಮೇಲೆ ಈ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತದೆ. ಮರಳುವಾಗ ಅದೇ ದಾರಿ ಹಿಡಿದರೆ ಎದುರು ಗಾಳಿ. ಅದಕ್ಕೆ ಧ್ರುವದ ಕಡೆಯಿಂದ ಬರುವ ದಾರಿಯನ್ನು ಆರಿಸಿಕೊಳ್ಳುವುದುಂಟು. ಪ್ರತಿ ಹಾರಾಟಕ್ಕೂ ಆ ದಿನದ ಗಾಳಿ ನೋಡಿ ಹೊಸದಾಗಿ ದಾರಿ ಹಾಕುತ್ತಾರೆ. ಹೋದ ವರ್ಷ ಹೋಗಿಬಂದ ನೆಂಟರು ಕಂಡ ದಾರಿಯೇ ನಿಮಗೂ ಸಿಗಬೇಕೆಂದಿಲ್ಲ.

ಭೂಮಿ ತಿರುಗುವುದರಿಂದ ಒಂದು ಕಡೆಗೆ ಬೇಗ ತಲುಪುತ್ತೇವೆಯೇ?

ಶಾಲೆಯ ಮಕ್ಕಳಿಂದ ನಿವೃತ್ತ ಮೇಷ್ಟರವರೆಗೆ ಎಲ್ಲರೂ ಕೇಳುವ ಒಳ್ಳೆಯ ಪ್ರಶ್ನೆ ಇದು. ಭೂಮಿಯ ಜೊತೆಗೆ ಅದರ ವಾತಾವರಣವೂ, ಆ ವಾತಾವರಣದಲ್ಲಿ ಹಾರುವ ವಿಮಾನವೂ ತಿರುಗುತ್ತಿರುತ್ತವೆ. ವಿಮಾನ ಆಕಾಶದಲ್ಲಿ ಕಾದಿದ್ದರೆ ಊರು ತಾನಾಗಿ ಕೆಳಗೆ ಬಂದು ನಿಲ್ಲುವುದಿಲ್ಲ. ಆದರೆ ಜೆಟ್ ಸ್ಟ್ರೀಮ್ ಪೂರ್ವಕ್ಕೇ ಹರಿಯುವುದಕ್ಕೆ ಭೂಮಿಯ ತಿರುಗುವಿಕೆಯೂ ಕಾರಣ. ಅಷ್ಟರಮಟ್ಟಿಗೆ ಅದರ ಪಾತ್ರವಿದೆ.

ಎಲ್ಲಿಯೂ ಇಳಿಯದ ವಿಮಾನ ಇದೆಯೇ?

ಈ ಎರಡು ಊರುಗಳ ನಡುವೆ ಎಲ್ಲಿಯೂ ಇಳಿಯದ ಸೇವೆಯನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಆರಂಭಿಸಿತು. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777-200ಎಲ್‌ಆರ್ ಉತ್ತರ ಧ್ರುವದ ಮೇಲಿನಿಂದ ಹಾರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಅದನ್ನು ನಡೆಸಿದರು. ಪೈಲಟ್‌ಗಳು ನಾಲ್ವರೂ ಮಹಿಳೆಯರು. ಇಂದಿಗೂ ಅದನ್ನು ನೆನೆದರೆ ಹೆಮ್ಮೆಯಾಗುತ್ತದೆ. ಅಮೆರಿಕದ ಯುನೈಟೆಡ್ ಸಂಸ್ಥೆಯೂ ಇದೇ ದಾರಿಯನ್ನು ಪ್ರಕಟಿಸಿತ್ತು. ಆ ಸೇವೆ ಆರಂಭವಾಗಲೇ ಇಲ್ಲ.

ಇಷ್ಟು ಉದ್ದದ ಹಾರಾಟಗಳು ವರ್ಷವಿಡೀ ಒಂದೇ ಸಮನೆ ನಡೆಯುವುದಿಲ್ಲ. ವಿಮಾನಗಳ ಕೊರತೆ, ಆಕಾಶ ಮುಚ್ಚುವಿಕೆ, ಇಂಧನದ ಬೆಲೆ ಇವುಗಳಿಂದ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ನೀವು ಹೊರಡುವ ತಿಂಗಳಿಗೆ ಸೇವೆ ಇದೆಯೇ ಎಂದು ವಿಮಾನ ಸಂಸ್ಥೆಯ ಜಾಲತಾಣದಲ್ಲಿಯೇ ನೋಡಿ. ಒಂದೇ ವಿಮಾನ ಸಂಖ್ಯೆಯಿದ್ದರೂ ನಡುವೆ ಒಂದೆಡೆ ಇಳಿದು ಹೋಗುವ ಸೇವೆಗಳಿವೆ. ಟಿಕೆಟ್ಟಿನಲ್ಲಿ ನಿಲುಗಡೆ ಸೊನ್ನೆ ಎಂದು ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಇಂಥ ವಿಮಾನಗಳು ಏಕೆ ಇಷ್ಟು ವಿರಳ?

ಇಂಧನವನ್ನು ಹೊರಲು ಇಂಧನವೇ ಬೇಕು. 777-200ಎಲ್‌ಆರ್ ವಿಮಾನ ಮೇಲೇರುವಾಗ ಹೆಚ್ಚೆಂದರೆ 347 ಟನ್ ತೂಗಬಹುದು. ಟ್ಯಾಂಕ್ ತುಂಬಿದರೆ ಸುಮಾರು 1.8 ಲಕ್ಷ ಲೀಟರ್, ಅಂದರೆ 145 ಟನ್ ಇಂಧನ. ಒಟ್ಟು ತೂಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು! ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ದೊಡ್ಡ ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ.

ಇದರ ಜೊತೆಗೆ ನಮ್ಮ ಊರಿನದೇ ಒಂದು ತೊಡಕಿದೆ. ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೆ ಸಿಗುವ ಆಸರೆಯೂ ಎಂಜಿನ್ನಿನ ಬಲವೂ ಕಡಿಮೆಯಾಗುತ್ತವೆ. ರನ್‌ವೇ 4,000 ಮೀಟರ್ ಉದ್ದವಿರುವುದು ಒಂದು ಸಮಾಧಾನ. ಆದರೂ ತೂಕ ಮಿತಿ ಮೀರಿದರೆ ಸರಕನ್ನೋ ಕೆಲವು ಸೀಟುಗಳನ್ನೋ ಖಾಲಿ ಬಿಡಬೇಕಾಗುತ್ತದೆ. ಊರಿಗೆ ತಂಪು ಕೊಟ್ಟ ಎತ್ತರವೇ ವಿಮಾನಕ್ಕೆ ಭಾರವಾಗಿದೆ. ಸಮುದ್ರದ ದಡದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಈ ತಾಪತ್ರಯವಿಲ್ಲ.

ನಡುವೆ ಎಲ್ಲಿ ವಿಮಾನ ಬದಲಿಸುವುದು ಒಳ್ಳೆಯದು?

ಜನ ಸಾಮಾನ್ಯವಾಗಿ ದರ ನೋಡುತ್ತಾರೆ, ಒಟ್ಟು ಗಂಟೆ ನೋಡುತ್ತಾರೆ. ಪ್ರಯಾಣ ಎಲ್ಲಿ ತುಂಡಾಗುತ್ತದೆ ಎಂಬುದನ್ನು ನೋಡುವವರು ಕಡಿಮೆ. ನನ್ನ ಪ್ರಕಾರ ಹಿರಿಯರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ದುಬೈ ದಾರಿ ತೆಗೆದುಕೊಳ್ಳಿ. ಬೆಂಗಳೂರಿನಿಂದ ದುಬೈ 2,700 ಕಿಲೋಮೀಟರ್, ನಾಲ್ಕು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ 13,000 ಕಿಲೋಮೀಟರ್, ಹತ್ತಿರ ಹತ್ತಿರ 16 ಗಂಟೆ. ವಿಮಾನ ಬದಲಿಸುವ ಶ್ರಮ ಪಟ್ಟ ಮೇಲೂ ನೇರ ವಿಮಾನದಷ್ಟೇ ಹೊತ್ತು ಕೂರುವುದು ತಪ್ಪಲಿಲ್ಲ. ಸಿಂಗಪುರದ ದಾರಿಯೂ ಹಾಗೆಯೇ: 3,200 ಮತ್ತು 13,600 ಕಿಲೋಮೀಟರ್.

ಫ್ರಾಂಕ್‌ಫರ್ಟ್ ದಾರಿಯಲ್ಲಿ 7,400 ಮತ್ತು 9,150. ಒಟ್ಟು ದೂರ 2,500 ಕಿಲೋಮೀಟರ್‌ನಷ್ಟು ಹೆಚ್ಚಾದರೂ ಹತ್ತು ಗಂಟೆ ಮತ್ತು ಹನ್ನೊಂದೂವರೆ ಗಂಟೆಯ ಎರಡು ಭಾಗಗಳಾಗುತ್ತವೆ. ಟೋಕಿಯೊದ ನರಿತಾ ಇನ್ನೂ ಹದವಾದ ದಾರಿ: 6,700 ಮತ್ತು 8,200 ಕಿಲೋಮೀಟರ್, ಎಂಟೂವರೆ ಮತ್ತು ಒಂಬತ್ತೂವರೆ ಗಂಟೆಗಳ ಆಸುಪಾಸು. ಹಾಂಗ್‌ಕಾಂಗ್ ಈ ಎರಡು ಬಗೆಗಳ ನಡುವಿನದು.

ಹಾಗಾದರೆ ದೆಹಲಿ? ಇದು ಬಹಳ ಜನರಿಗೆ ಅಚ್ಚರಿ ತರುತ್ತದೆ. ಬೆಂಗಳೂರಿನಿಂದ ಹೊರಡುವ ಹತ್ತಿರದ ದಾರಿಯೇ ಉತ್ತರಕ್ಕಿರುವುದರಿಂದ ದೆಹಲಿಗೆ ಹೋಗಿ ಹೋದರೆ ಹೆಚ್ಚಾಗುವುದು ಕೇವಲ 100 ಕಿಲೋಮೀಟರ್. ಆದರೆ ಭಾಷೆ, ಊಟ, ರೂಪಾಯಿ ಎಲ್ಲವೂ ನಮ್ಮವೇ ಇರುವ ಕಡೆ ಒಂದು ವಿಮಾನ ಬದಲಿಸಿ, ಮುಂದಿನ 16 ಗಂಟೆ ಒಂದೇ ಸೀಟಿನಲ್ಲಿ ಕೂರಬೇಕು.

ಕಾಲು ಊದುವವರಿಗೆ, ಬೆನ್ನು ನೋವಿನವರಿಗೆ ಸಮನಾಗಿ ತುಂಡಾಗುವ ದಾರಿಯನ್ನೇ ನಾನು ಹೇಳುತ್ತೇನೆ. ಮೈಯಲ್ಲಿ ಕಸುವಿದ್ದು, ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ಗೇಟು ಹುಡುಕಲು ಅಂಜುವವರಿಗೆ ನೇರ ವಿಮಾನ, ಅದಿಲ್ಲದಿದ್ದರೆ ದೆಹಲಿ.

ನಡುವೆ ಎಷ್ಟು ಹೊತ್ತು ಬಿಡುವು ಇರಬೇಕು?

ಗಾಲಿಕುರ್ಚಿ ಕೇಳಿರುವವರಿಗೆ ಎರಡೂವರೆಯಿಂದ ನಾಲ್ಕು ಗಂಟೆ. ಒಂದೂವರೆ ಗಂಟೆಯ ಬಿಡುವು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ ಮುಂದಿನದು ಕೈತಪ್ಪುತ್ತದೆ. ಎರಡೂ ವಿಮಾನಗಳು ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆಯಾಗಿ ಕೊಂಡು ಒಂದು ತಪ್ಪಿದರೆ ಇನ್ನೊಂದರ ಹೊಣೆಯನ್ನು ಯಾರೂ ಹೊರುವುದಿಲ್ಲ. ನ್ಯೂಯಾರ್ಕ್‌ನಂಥ ಅಮೆರಿಕದ ಇನ್ನೊಂದು ಊರಿನ ಮೂಲಕ ಹೋಗುವುದಾದರೆ ಅಲ್ಲಿಯೇ ವಲಸೆ ತಪಾಸಣೆ ಮುಗಿಸಿ, ಸಾಮಾನು ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಅದಕ್ಕೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನೂ ಮೊದಲೇ ನೋಡಿ.

ಹೊರಟ ದಿನವೇ ತಲುಪುತ್ತಾರಂತೆ, ನಿಜವೇ?

ನಿಜ. ಚಳಿಗಾಲದಲ್ಲಿ ಭಾರತದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ 13 ಗಂಟೆ 30 ನಿಮಿಷ ಮುಂದಿದೆ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಆ ನಡುವಿನ ತಿಂಗಳುಗಳಲ್ಲಿ ಅಂತರ 12 ಗಂಟೆ 30 ನಿಮಿಷ.

ಜನವರಿಯ ಒಂದು ಶನಿವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ನಮ್ಮಲ್ಲಿ ಭಾನುವಾರ ಬೆಳಗಿನ 6. ಅದರಿಂದ 13.5 ಗಂಟೆ ಕಳೆದರೆ ಅಲ್ಲಿ ಶನಿವಾರ ಸಂಜೆ 4.30. ಮರಳುವಾಗ ಈ ಸಾಲ ತೀರಿಸಬೇಕು. ಅಲ್ಲಿ ಶನಿವಾರ ರಾತ್ರಿ 9ಕ್ಕೆ ಹೊರಟು 17.5 ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಜಾವ 4. ಭಾನುವಾರ ಆಕಾಶದಲ್ಲಿಯೇ ಕಳೆದುಹೋಯಿತು. ಏಕಾದಶಿ, ಸಂಕಷ್ಟಿ ಉಪವಾಸ ಮಾಡುವವರು ಟಿಕೆಟ್ ಮಾಡಿಸುವಾಗಲೇ ಇದನ್ನು ಗಮನಿಸಿಕೊಳ್ಳುವುದು ಮೇಲು.

ಟಿಕೆಟ್ಟಿನಲ್ಲಿ 15ನೇ ತಾರೀಖು 2.40 ಎಂದಿದೆ. ಮನೆಯಿಂದ ಯಾವಾಗ ಹೊರಡಬೇಕು?

14ನೇ ತಾರೀಖು ರಾತ್ರಿ ಊಟ ಮುಗಿಸಿ. ಇದನ್ನು ದಯವಿಟ್ಟು ಎರಡು ಸಲ ಓದಿ. ಬೆಂಗಳೂರಿನಿಂದ ಯುರೋಪ್, ಕೊಲ್ಲಿ ದೇಶಗಳ ಕಡೆಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ, ವೇಳೆಯನ್ನು 24 ಗಂಟೆಯ ಲೆಕ್ಕದಲ್ಲಿ 02:40 ಎಂದು ಬರೆದಿರುತ್ತಾರೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವೇ ಆಗಿರುತ್ತದೆ. ಕ್ಯಾಲೆಂಡರಿನಲ್ಲಿ 14ರ ಮನೆಗೆ ಕೆಂಪು ಶಾಯಿಯಿಂದ ‘ಇಂದು ರಾತ್ರಿ’ ಎಂದು ಬರೆದಿಡಿ.

ಮನೆಯಿಂದ ಮನೆಗೆ ಒಟ್ಟು ಎಷ್ಟು ಹೊತ್ತು?

ಹಾರಾಟದ ಹೊತ್ತಿಗೆ ಕನಿಷ್ಠ ಏಳೆಂಟು ಗಂಟೆ ಸೇರಿಸಿ. ಜಯನಗರದಿಂದ ದೇವನಹಳ್ಳಿಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಎರಡು ಗಂಟೆ, ಮೈಸೂರಿನಿಂದಾದರೆ ನಾಲ್ಕಕ್ಕೂ ಹೆಚ್ಚು. ವಿಮಾನಕ್ಕೆ ಮೂರು ಗಂಟೆ ಮೊದಲು ಎರಡನೇ ಟರ್ಮಿನಲ್‌ನಲ್ಲಿರಬೇಕು. ವಿದೇಶಿ ಹಾರಾಟಗಳು 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದ ಮೇಲೆ ವಲಸೆ ತಪಾಸಣೆ, ಸಾಮಾನು, ಕಸ್ಟಮ್ಸ್ ಸೇರಿ ಒಂದರಿಂದ ಎರಡು ಗಂಟೆ. ನಿಲ್ದಾಣವಿರುವುದು ನಗರದಿಂದ ಇಪ್ಪತ್ತು ಕಿಲೋಮೀಟರ್‌ನಷ್ಟು ದಕ್ಷಿಣಕ್ಕೆ. ಕನ್ನಡದ ಮನೆಗಳು ಹೆಚ್ಚಾಗಿರುವ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೊ, ಸ್ಯಾನ್ ಹೋಸೆ ಕಡೆಗೆ ಕಾರಿನಲ್ಲಿ ಇನ್ನೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಇಷ್ಟು ಹೊತ್ತು ಕೂರುವವರ ಆರೋಗ್ಯದ ಬಗ್ಗೆ ಏನು ಎಚ್ಚರ?

ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂತೆ ಇರುತ್ತದೆ, ತೇವಾಂಶ ಬಹಳ ಕಡಿಮೆ. ಹೃದಯ, ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಶೌಚಾಲಯಕ್ಕೆ ಏಳಲು ಸಂಕೋಚಪಟ್ಟು ನೀರು ಕುಡಿಯದೆ ಕೂರುವ ನಮ್ಮ ಅಮ್ಮಂದಿರಿಗೆ ನಡುದಾರಿಯ ಪಕ್ಕದ ಸೀಟನ್ನು ಮೊದಲೇ ಕಾಯ್ದಿರಿಸಿ. ಹಣ ಹೆಚ್ಚಾದರೂ ಅದು ದಂಡವಲ್ಲ.

ಇನ್ಸುಲಿನ್ ಮತ್ತು ದಿನದ ಮಾತ್ರೆಗಳು ಕೈಚೀಲದಲ್ಲಿಯೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಡವಾಗಿ ಬರಬಹುದು. ಮಾತ್ರೆಯ ವೇಳೆಯನ್ನು ಯಾವ ಊರಿನ ಗಡಿಯಾರ ನೋಡಿ ಪಾಲಿಸಬೇಕು ಎಂದು ವೈದ್ಯರಿಂದ ಬರೆಸಿಕೊಳ್ಳಿ.

ಸಸ್ಯಾಹಾರಿಗಳ ಊಟ?

ಹೊರಡುವ ಎರಡು ದಿನ ಮೊದಲೇ ತಿಳಿಸಬೇಕು. ‘ಹಿಂದೂ ಮೀಲ್’ ಎಂದು ಆರಿಸಿಕೊಂಡರೆ ಕೋಳಿಯೋ ಮೀನೋ ಬರಬಹುದು. ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂಬುದೇ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ‘ಜೈನ್ ಮೀಲ್’ ಕೇಳಿ.

ತಲುಪಿದ ಮೇಲೆ ನಿದ್ದೆ ಸರಿಹೋಗಲು ಎಷ್ಟು ದಿನ?

ಹಗಲು ರಾತ್ರಿ ಪೂರ್ತಿ ತಲೆಕೆಳಗಾಗುವುದರಿಂದ ವಾರದಿಂದ ಹತ್ತು ದಿನ. ಬೆಳಗಿನ ಬಿಸಿಲಿನಲ್ಲಿ ನಡೆದಾಡುವುದೇ ಒಳ್ಳೆಯ ಮದ್ದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ.

ವಿಮಾನ ನಡುದಾರಿಯಲ್ಲಿ ಬೇರೆಲ್ಲಿಯೋ ಇಳಿದರೆ?

ಅಪರೂಪ, ಆದರೆ ಆಗುತ್ತದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬ ದೂರದ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಿಕರನ್ನು ಕರೆದೊಯ್ಯಲು ಇನ್ನೊಂದು ವಿಮಾನವನ್ನೇ ಕಳಿಸಬೇಕಾಯಿತು. ಎರಡೇ ಎಂಜಿನ್ ಇರುವ ವಿಮಾನಗಳಿಗೆ ದಾರಿಯುದ್ದಕ್ಕೂ ಇಂಥ ನಿಲ್ದಾಣಗಳನ್ನು ಮೊದಲೇ ಗುರುತಿಸಿಟ್ಟಿರುತ್ತಾರೆ. ಅದಕ್ಕೇ ಕೈಚೀಲದಲ್ಲಿ ಎರಡು ದಿನ ಹೆಚ್ಚಿಗೆ ಬರುವಷ್ಟು ಔಷಧಿ, ಒಂದು ಸ್ವೆಟರ್, ಮಕ್ಕಳ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ.

ಅಪ್ಪ ಅಮ್ಮನ ವಿಮಾನ ಎಲ್ಲಿದೆ ಎಂದು ಮನೆಯಿಂದಲೇ ನೋಡಬಹುದೇ?

ಫ್ಲೈಟ್‌ರಾಡಾರ್24ರಂಥ ಆ್ಯಪ್‌ನಲ್ಲಿ ವಿಮಾನದ ಸಂಖ್ಯೆ ಹಾಕಿದರೆ ಕಾಣುತ್ತದೆ. ಸಾಗರದ ನಡುವೆ, ಧ್ರುವದ ಹತ್ತಿರ ನೆಲದ ಮೇಲಿನ ರಿಸೀವರ್‌ಗಳಿಗೆ ಸಂಕೇತ ಸಿಗದೆ ಗುರುತು ಕೆಲವು ಗಂಟೆ ಮಾಯವಾಗಬಹುದು, ಗಾಬರಿಪಡಬೇಡಿ. ‘ಇಳಿದಿದೆ’ ಎಂದು ತೋರಿಸಿದ ಮೇಲೂ ಒಂದೂವರೆ ಗಂಟೆ ಕಾಯಿರಿ, ವಲಸೆ ತಪಾಸಣೆಯ ಸಾಲಿನಲ್ಲಿ ಫೋನ್ ಬಳಸಲು ಬಿಡುವುದಿಲ್ಲ. ಅವರ ಮೊಬೈಲ್‌ಗೆ ಅಲ್ಲಿ ನಡೆಯುವ ಸಿಮ್ ಅಥವಾ ರೋಮಿಂಗ್ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿಯೇ ಮಾಡಿಕೊಟ್ಟಿದ್ದರೆ ಸಾಮಾನು ಬರುವ ಜಾಗದಿಂದ ಅವರೇ ಕರೆ ಮಾಡುತ್ತಾರೆ.